ಮೂರು ಪೆಡಲ್ ತೋರಿಸಿದ ಕಂಪ್ಯೂಟರ್

ಡ್ರೈವಿಂಗ್ ಶಾಲೆಗೆ ಹೊಸದಾಗಿ ಬಂದ ದೊಡ್ಡ ಕಾರು, ಕಿಟಕಿಯೊಳಗಿದ್ದ ಹಳೆಯ ಕಂಪ್ಯೂಟರನ್ನು ಕೆಣಕಿತು: "ಏನಜ್ಜಾ, ನಿನ್ನ ಆಪರೇಟಿಂಗ್ ಸಿಸ್ಟಮ್ ಅಂಗೈಯಗಲದ್ದಂತೆ! ನನ್ನ ಪರದೆಯಲ್ಲಿ ಹಾಡು, ನಕಾಶೆ, ಹವಾಮಾನ ಎಲ್ಲ ಇದೆ."

"ನನ್ನಲ್ಲಿ ಪಾಠ ಮಾತ್ರ ಇದೆ ಮಗಾ. ಹೆಚ್ಚು ಹೊರಲು ನನಗೆ ಮೆಮೊರಿ ಸಾಲದು," ಎಂದಿತು ಕಂಪ್ಯೂಟರ್.

ಅಷ್ಟರಲ್ಲಿ ಐವತ್ತು ದಾಟಿದ ಹೊನ್ನಮ್ಮ ಮೊದಲ ಪಾಠಕ್ಕೆ ಬಂದಳು. ತಾನು ಹೊಲಿದ ಬಟ್ಟೆಗಳನ್ನು ತಾನೇ ಸಂತೆಗೆ ಒಯ್ಯಬೇಕೆಂಬುದು ಅವಳ ಹಟ. ಅವಳು ಸ್ಟೀರಿಂಗ್ ಹಿಡಿದದ್ದೇ ತಡ, ಕಾರು ಸಂಭ್ರಮದಿಂದ ಪರದೆಯನ್ನೆಲ್ಲ ಬೆಳಗಿಸಿತು. ಬಣ್ಣಬಣ್ಣದ ಗುರುತುಗಳು ಕುಣಿದವು; ಬೆಲ್ಟ್ ಹಾಕಿ ಎಂದು ಯಾವುದೋ ದನಿ ಗದರಿತು. ಹೊನ್ನಮ್ಮ ಸ್ಟೀರಿಂಗ್ ಬಿಟ್ಟು ಕೈ ಹಿಂದೆಳೆದುಕೊಂಡಳು.

"ಇದು ಓದಿದವರ ಗಾಡಿ ತಾಯಿ, ನನ್ನಿಂದಾಗದು," ಎಂದು ಕಲಿಸುವ ಸರೋಜಿನಿಗೆ ಹೇಳಿ ಇಳಿದೇಬಿಟ್ಟಳು.

ಸರೋಜಿನಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಅದು ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಂಬ ಮೂರೇ ಮೂರು ಪೆಡಲ್‌ಗಳ ಚಿತ್ರ ತೋರಿಸಿತು. ಹೊನ್ನಮ್ಮ ಚಪ್ಪಲಿ ಬಿಟ್ಟು, ಮೇಜಿನ ಕೆಳಗೆ ಪಾದ ಆಡಿಸಿ ನೋಡಿದಳು.

"ಇಷ್ಟೇನಾ? ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲಿದು!" ಎಂದು ನಕ್ಕಳು.

ಅವಳು ಬರಿಗಾಲಲ್ಲೇ ಬಂದು ಮತ್ತೆ ಕೂತಾಗ, "ಹಾಡು ನಾಳೆಯಾದರೂ ಆದೀತು ಅಜ್ಜಾ," ಎಂದು ಕಾರು ಮೆಲ್ಲಗೆ ಪರದೆ ಆರಿಸಿಕೊಂಡಿತು. ಹೊನ್ನಮ್ಮನ ಕಣ್ಣಿಗೆ ರಸ್ತೆಯೊಂದೇ ಕಂಡಿತು. ಅವಳು ಕ್ಲಚ್ ತುಳಿದಳು.