ಗೋಡೆಯಲ್ಲಿ ಉಳಿದ ಅಂಟು

"ಬುದ್ಧಿ, ಮನೆ ಬಿಟ್ಟೆ, ಒಡಹುಟ್ಟಿದವರನ್ನು ಬಿಟ್ಟೆ, ಮಠಕ್ಕೆ ಬಂದೆ. ಆದರೂ ಜಪಕ್ಕೆ ಕೂತರೆ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತದೆ. ಬಿಟ್ಟು ಬಂದದ್ದು ಹಿಂದೆಯೇ ಬರುವುದೇಕೆ?" ಎಂದು ಶಿಷ್ಯನೊಬ್ಬ ಸ್ವಾಮಿಗಳನ್ನು ಕೇಳಿದ.

ಯಾರು ನಿಂತಂತೆ ಎಂದು ಅವನು ಹೇಳಲಿಲ್ಲ. ಸ್ವಾಮಿಗಳೂ ಕೇಳಲಿಲ್ಲ. ಶಿವನನ್ನು ನೆನೆದು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೊಬ್ಬ ಅಣ್ಣ. ತಂದೆತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನು ಆ ಅಣ್ಣನೇ. ತಾನು ಮದುವೆಯನ್ನೂ ಆಗಲಿಲ್ಲ. ದೇವರು ಅವನ ಬಲವನ್ನೆಲ್ಲ ಎಡಗೈಯಲ್ಲಿ ಇಟ್ಟಿದ್ದ. ಬರೆಯುವುದು, ತೂಗುವುದು ಎಲ್ಲವೂ ಎಡಗೈಯಲ್ಲೇ.

ವ್ಯಾಪಾರಿಯ ಮಗಳಿಗೆ ಒಳ್ಳೆಯ ಕಡೆಯ ಸಂಬಂಧ ಕೂಡಿಬಂತು. ನಿಶ್ಚಯ ತಾಂಬೂಲದ ತಟ್ಟೆಯನ್ನು ಮನೆಯ ಹಿರಿಯನೇ ಬೀಗರ ಕೈಗೆ ಕೊಡಬೇಕು. ಅಣ್ಣ ಅದಕ್ಕೆಂದೇ ಹೊಸ ಪಂಚೆ ತಂದುಕೊಂಡಿದ್ದ.

"ನೀನು ಮುಂದೆ ಬರಬೇಡಣ್ಣ" ಎಂದ ವ್ಯಾಪಾರಿ. "ಮರೆತು ಎಡಗೈ ಚಾಚಿಬಿಟ್ಟರೆ ನನ್ನ ಮಗಳ ಬಾಳು ಏನಾಗಬೇಕು?"

ಅಣ್ಣ ಪಂಚೆಯನ್ನು ಗೂಟಕ್ಕೆ ಹಾಕಿ, ಊರಾಚೆಯ ತೋಪಿನ ಗುಡಿಸಲಿಗೆ ಹೋಗಿಬಿಟ್ಟ.

ಪಡಸಾಲೆಯ ಗೋಡೆಗೆ ಹಳೆಯ ಹೂವಿನ ಕಾಗದವಿತ್ತು. ಬಹಳ ಹಿಂದೆ ಅಣ್ಣ ಅಂಟಿಸಿದ್ದು. ಈಗ ಅದನ್ನು ನೋಡಿದರೆ ವ್ಯಾಪಾರಿಗೆ ಅನ್ನ ಸೇರದು. ಕಾಗದ ಕೀಳಿಸಿದ. ಬಣ್ಣ ಬಳಿಯುವವನನ್ನು ಕರೆಸಿದ.

ಬಣ್ಣದವನು ಗೋಡೆ ಸವರಿ ನೋಡಿ, "ಯಜಮಾನರೇ, ಕಾಗದ ಕಿತ್ತು ಬಂದಿದೆ, ಅಂಟು ಬಂದಿಲ್ಲ. ಬಿಸಿನೀರಲ್ಲಿ ತೊಳೆದು, ಒಣಗಿಸಿ ಆಮೇಲೆ ಬಳಿಯಬೇಕು, ಇಲ್ಲದಿದ್ದರೆ ಬಣ್ಣ ಬಿರಿಯುತ್ತದೆ" ಎಂದ.

"ಗೋಡೆಗೂ ಎಣ್ಣೆನೀರು ಎರೆಯುತ್ತೀಯೇನಯ್ಯ? ಅದೇನು ಬಾಣಂತಿಯೇ? ಬೀಗರು ಬರುವ ದಿನ ಹತ್ತಿರವಾಯಿತು, ಬಳಿ!"

ಬಳಿದ. ಬಣ್ಣ ಒಣಗಿದ ಮೇಲೆ ನೋಡಿದರೆ ಗೋಡೆಯ ತುಂಬ ಬಿರುಕು. ಅವು ಅಡ್ಡಾದಿಡ್ಡಿಯಾಗಿರಲಿಲ್ಲ. ಎಲ್ಲವೂ ಒಂದೇ ಬಗೆಯಲ್ಲಿ ಬಾಗಿದ್ದವು, ಯಾರೋ ತೋಳು ಬೀಸಿದಂತೆ. ಎಡತೋಳು.

ಮೇಲಷ್ಟೇ ಕೆರೆಸಿ ಮತ್ತೆ ಬಳಿಸಿದ. ಮತ್ತೆ ಅದೇ. ಗೋಡೆಯ ಒಳಗಿನಿಂದ ಯಾರೋ ಕೈಬೀಸಿ ಕರೆಯುತ್ತಿರುವ ಹಾಗೆ. ಮಗಳು ಪಡಸಾಲೆ ದಾಟುವುದನ್ನೇ ಬಿಟ್ಟಳು. ಬಣ್ಣದವನು ಕುಂಚ ತೊಳೆದುಕೊಂಡು, "ಇದು ಅಂಟಿನ ಕೆಲಸ ಅಂತ ನನ್ನ ತಲೆ ಹೇಳುತ್ತದೆ ಯಜಮಾನರೇ, ಕಾಲು ಕೇಳುತ್ತಿಲ್ಲ" ಎಂದವನೇ ಹೊರಟುಹೋದ.

ವ್ಯಾಪಾರಿ ಒಬ್ಬನೇ ಉಳಿದ. ದೇವರ ಮುಂದೆ ದೀಪ ಹಚ್ಚಿ, ಹಂಡೆಯಲ್ಲಿ ನೀರು ಕಾಯಿಸಿ, ಬಟ್ಟೆ ಅದ್ದಿ ಗೋಡೆ ತೊಳೆಯತೊಡಗಿದ. ನೆನೆದ ಗೋಡೆಯಿಂದ ಹುಳಿಗಂಜಿಯ ವಾಸನೆ ಎದ್ದಿತು. ಅಣ್ಣ ಒಲೆಯ ಮುಂದೆ ಕೂತು ಅಂಟಿಗೆಂದು ಮೈದಾ ಗಂಜಿ ತಿರುವುತ್ತಿದ್ದ ದಿನದ್ದೇ ವಾಸನೆ. ಅಂಟು ಲೋಳೆಯಾಗಿ ಇಳಿಯಿತು. ತೋಳಿನ ಗುರುತುಗಳು ಒಂದೊಂದಾಗಿ ಅಳಿದವು.

ಬೀಗರು ಕೂರಲೆಂದು ಗೋಡೆಗೆ ಒತ್ತಿ ಹಾಕಿದ್ದ ಬೆಂಚನ್ನು ಈಚೆಗೆ ಎಳೆದ. ಅದರ ಹಿಂದೆಯೂ ಗುರುತುಗಳಿದ್ದವು. ಚಿಕ್ಕವು. ಮಗುವಿನ ಕೈಯವು. ಅವೂ ಎಡಗೈಯವೇ.

ಕಾಗದ ಅಂಟಿಸಿದಾಗ ಆ ಮನೆಯಲ್ಲಿ ಮಗುವೆಂದರೆ ಇವನೊಬ್ಬನೇ. ಅಣ್ಣ ಮೇಲೆ ಅಂಟು ಬಳಿದರೆ ಇವನು ಕೆಳಗೆ ಬಳಿಯುತ್ತಿದ್ದ. ಆಮೇಲೆ ಶಾಲೆಯ ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆದು ಹೊಡೆದು ಎಡಗೈ ರೂಢಿಯನ್ನು ಬಿಡಿಸಿದ್ದರು. ಇವನು ಮರೆತೇಬಿಟ್ಟಿದ್ದ.

ವ್ಯಾಪಾರಿ ತನ್ನ ಕೈ ನೋಡಿಕೊಂಡ. ಒದ್ದೆ ಬಟ್ಟೆ ಎಡಗೈಯಲ್ಲಿತ್ತು. ಬಲಗೈಯಲ್ಲಿ ಶುರುಮಾಡಿದ್ದು ನೆನಪಿತ್ತು. ಕೈ ಬದಲಾಯಿಸಿದ್ದು ನೆನಪಿರಲಿಲ್ಲ.

ಗೂಟದ ಮೇಲಿನ ಪಂಚೆ ತೆಗೆದುಕೊಂಡು, ಕೈಯನ್ನೂ ಒರೆಸಿಕೊಳ್ಳದೆ, ಅವನು ತೋಪಿನ ಕಡೆಗೆ ಓಡಿದ.

ಸ್ವಾಮಿಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಅಣ್ಣ ಬಂದನೇ, ಬುದ್ಧಿ?" ಎಂದ.

ಸ್ವಾಮಿಗಳು ಅವನ ಬೆನ್ನ ಹಿಂದಕ್ಕೆ ಕಣ್ಣು ಹಾಯಿಸಿ ಮೆಲ್ಲಗೆ ಕೇಳಿದರು:

"ನೀನು ತಿರುಗಿ ನೋಡದೆ ಹೊರಟು ಬಂದ ದಿನ, ಮಗು, ನಿನ್ನ ಅಣ್ಣ ಯಾವ ಕೈಯೆತ್ತಿ ಕರೆಯುತ್ತಿದ್ದ?"