ಡ್ರಾಯರಿಗಿಂತ ಉದ್ದದ ಪೊರೆ

ಕಪಾಟಿನ ಡ್ರಾಯರುಗಳಲ್ಲಿ ಹಾವು ಸಾಕುವ ಯಜಮಾನನೊಬ್ಬ, ದೊಡ್ಡ ಡ್ರಾಯರಿನ ಬಯಲಿಗೆ ಬೆದರಿ ಆಹಾರ ಬಿಟ್ಟಿದ್ದ ಹಾವಿನ ಮರಿಯನ್ನು ಸಣ್ಣ ಡ್ರಾಯರಿನಲ್ಲಿಟ್ಟ. ಅಲ್ಲಿ ಅದು ನೆಮ್ಮದಿಯಾಗಿ ಉಂಡು ಬೆಳೆಯಿತು. ಒಂದು ದಿನ ಅದು ಬಿಟ್ಟ ಪೊರೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಚಾಚಿ, ಅಲ್ಲಿಂದ ಮಡಚಿ ಹಿಂದಿರುಗಿತ್ತು.

"ಇಷ್ಟು ಉದ್ದ ಬೆಳೆದಿದ್ದೀಯಾ? ಸದಾ ಸುರುಳಿ ಸುತ್ತಿ ಮಲಗುತ್ತಿದ್ದೆ, ನಿನಗೆ ಸ್ಥಳ ಸಾಕೆಂದೇ ತಿಳಿದಿದ್ದೆ," ಎಂದಿತು ಡ್ರಾಯರು.

"ಮೈ ಚಾಚಿದರೆ ನಿನಗೆ ನೋವಾದೀತೆಂದು ಸುಮ್ಮನಿದ್ದೆನಮ್ಮಾ," ಎಂದಿತು ಹಾವು.

"ಹುಚ್ಚು ಹುಡುಗಿ! ಯಜಮಾನ ನನ್ನನ್ನು ಎಳೆದಾಗ ಮೈ ಚಾಚಿಯೇ ಇರು. ಅವನೂ ನೋಡಲಿ."

ಯಜಮಾನ ನೋಡಿದ, ಹಾವನ್ನು ದೊಡ್ಡ ಡ್ರಾಯರಿಗೆ ಸಾಗಿಸಿದ. ಈಗ ಅದು ಬೆದರಲಿಲ್ಲ; ಉದ್ದಕ್ಕೆ ಮಲಗಿ ನಿದ್ರಿಸಿತು.

ಸಣ್ಣ ಡ್ರಾಯರಿಗೆ ಮತ್ತೊಂದು ಮರಿ ನಡುಗುತ್ತಾ ಬಂದಿತು.

"ಹೆದರಬೇಡ ಮಗು, ಇಲ್ಲಿ ನಿನಗೆ ಬೇಕಾದಷ್ಟೇ ಸ್ಥಳವಿದೆ," ಎಂದಿತು ಡ್ರಾಯರು. "ಸಾಲದಾದ ದಿನ ನನಗೆ ಹೇಳು."