ಬಿರುಗಾಳಿ ತಂದ ಮದುವೆ ಗಂಡು

1958ರ ಮಾರ್ಚ್ 9ರ ನನ್ನ ದಿನಚರಿಯಲ್ಲಿ ಅಜ್ಜಿ ಹೇಳಿದ ಈ ಸಂಗತಿಯಿದೆ. ನಮ್ಮ ವಂಶ ಶುರುವಾದದ್ದು ಹೀಗಂತೆ.

ಅರಬರ ಹಡಗೊಂದು ಬಿರುಗಾಳಿಗೆ ಸಿಕ್ಕಿ ನಮ್ಮ ಬಂದರಿಗೆ ಬಂತು. ದಿಕ್ಕು ತಪ್ಪಿ ಬಂದ ಹಡಗು ಅರಸನ ಪಾಲು, ಅದರಲ್ಲಿದ್ದವರು ಅವನ ಆಳುಗಳಾಗಬೇಕು; ಇಲ್ಲಿಗೇ ಹೊರಟು ಬಂದ ಹಡಗಿಗೆ ಮಾತ್ರ ವಿನಾಯಿತಿ. ಆಗಿನ ಕಟ್ಟಳೆ ಅದು. ಬಂದರಿನ ಹೆಗ್ಗಡೆ ಮೀಸೆ ತಿರುವುತ್ತ ಬಂದ.

"ಇಲ್ಲಿಗೇ ಹೊರಟಿದ್ದಿರಿ ಎನ್ನಲು ಸಾಕ್ಷಿ ಯಾರು?"

ನಾವಿಕರು ಅಳತೊಡಗಿದರು. ಅವರಿಗೆ ನೀರು ಕೊಡುತ್ತಿದ್ದ ಮೀನುಗಾರರ ಹುಡುಗಿ ಕೊಡ ಇಳಿಸಿದಳು.

"ನಾನು, ಒಡೆಯಾ. ಹಡಗಿನ ಯಜಮಾನರು ನನ್ನ ಮದುವೆ ಗಂಡು. ನನಗಾಗಿಯೇ ಬಂದಿದ್ದಾರೆ."

"ಹೌದೇನೆ? ಅವನ ಹೆಸರು ಹೇಳು."

ಅವಳಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿದಳು.

"ಗಂಡನಾಗುವವರ ಹೆಸರು ಹೇಗೆ ಹೇಳಲಿ? ನಿಮ್ಮ ಮನೆಯ ಅಮ್ಮನವರು ನಿಮ್ಮ ಹೆಸರು ಹೇಳುತ್ತಾರೆಯೇ?"

ದಡದಲ್ಲಿದ್ದವರು ನಕ್ಕರು. ಹೆಗ್ಗಡೆಯ ಮುಖ ಕೆಂಪಾಯಿತು.

"ಹಾಗಾದರೆ ಇಂದೇ ಮದುವೆಯಾಗಲಿ, ನಾನೇ ನಿಂತು ನೋಡುತ್ತೇನೆ. ಇಲ್ಲವಾದರೆ ಅವರ ಜೊತೆ ನೀನೂ ಆಳಾಗಬೇಕು."

ದುಭಾಷಿ ಇದನ್ನು ತಿಳಿಸಿದಾಗ ಯಜಮಾನ ಇದ್ರೀಸ್ ಅವಳನ್ನು ನೋಡಿ, ಎದೆಯ ಮೇಲೆ ಕೈಯಿಟ್ಟು ಒಪ್ಪಿದ. ಅವಳೂ ಒಪ್ಪಿದಳು. ಸಂಜೆಯೊಳಗೆ ನಿಕಾಹ್ ಆಯಿತು. ಹಡಗೂ ಉಳಿಯಿತು, ಅದರಲ್ಲಿದ್ದ ಮೂವತ್ತೊಂದು ಜನರೂ ಆಳಾಗದೆ ಉಳಿದರು.

ಅವಳ ತಾಯಿಯ ಮನೆ ಅದೇ ಕೇರಿಯಲ್ಲಿತ್ತು. ತಾಯಿ ಸಾಯುವವರೆಗೆ, ಇಪ್ಪತ್ತೆರಡು ವರ್ಷ, ಆ ಬಾಗಿಲು ಅವಳಿಗೆ ತೆರೆಯಲಿಲ್ಲ.